ಬೇರಿನ ಪಂಕ್ತಿಯಲ್ಲಿ

ನೀರಿನ ಮೇಲೆ ತೇಲುತ್ತಿದ್ದ ಬಿಳಿ ಹಲಗೆಯೊಂದನ್ನು ಬೆಳೆಗಾರ ಎರಡೂ ಕೈಯಿಂದ ಎತ್ತಿ ನನ್ನ ಎದೆಮಟ್ಟಕ್ಕೆ ಹಿಡಿದ. ಹಲಗೆಯ ತೂತುಗಳಲ್ಲಿ ಲೆಟ್ಯೂಸ್ ಗಿಡಗಳು ಮೊಗಚಿಟ್ಟ ಹಸಿರು ಬಟ್ಟಲುಗಳಂತೆ ಕೂತಿದ್ದವು. ಆತ ತೋರಿಸಬೇಕೆಂದಿದ್ದದ್ದು ಅದನ್ನಲ್ಲ. ನಾನು ಬಗ್ಗಿ ಹಲಗೆಯ ಅಡಿಗೆ ನೋಡಿದೆ. ಒರಳಿನಿಂದ ಆಗಷ್ಟೇ ಇಳಿದ ಶ್ಯಾವಿಗೆಯ ಹಾಗೆ ಬೆಳ್ಳನೆಯ ಬೇರು, ಮೊಳದುದ್ದ, ನೀರು ತೊಟ್ಟಿಕ್ಕಿಸುತ್ತ ಇಳಿಬಿದ್ದಿತ್ತು. ಮಣ್ಣಿನ ಒಂದು ಕಣವೂ ಇಲ್ಲ. ಅರವತ್ತು ವರ್ಷ ತೋಟದಲ್ಲೇ ಬದುಕಿದವನು ನಾನು. ಜೀವಂತ ಗಿಡವೊಂದರ ಬೇರನ್ನು ಹೀಗೆ ಇಡಿಯಾಗಿ, ಗಿಡಕ್ಕೆ ನೋವಾಗದಂತೆ ನೋಡಿದ್ದು ಅದೇ ಮೊದಲು.

ಆಮೇಲೆ ಆತ ಕೊಳದ ತುದಿಗೆ ಕರೆದೊಯ್ದ. ಅಲ್ಲಿ ನೀರಿನ ಹರಿವು ಮಂದ, ಬಿಸಿಲಿನ ಕಾವು ಹೆಚ್ಚು. ಆ ಮೂಲೆಯ ಹಲಗೆಯಿಂದ ಒಂದು ಗಿಡ ಕಿತ್ತು ಕೊಟ್ಟ. ಎಲೆ ನೋಡಿದರೆ ಏನೂ ಗೊತ್ತಾಗದು, ಕೊಂಚ ಚಿಕ್ಕದು, ಅಷ್ಟೆ. ಬೇರು ಮಾತ್ರ ಕಷಾಯದ ಬಣ್ಣಕ್ಕೆ ತಿರುಗಿತ್ತು. ಎರಡು ಬೆರಳ ನಡುವೆ ಹಿಡಿದು ಎಳೆದರೆ ಸಿಪ್ಪೆ ಜಾರಿ ಕೈಗೆ ಬಂತು, ಒಳಗಿನ ನಾರಿನೆಳೆ ಉಳಿಯಿತು. ಮೂಸಿದೆ. ಆ ವಾಸನೆ ನನಗೆ ಗೊತ್ತು. ಆಷಾಢದಲ್ಲಿ ಅಡಕೆ ಮರದ ಬುಡದಲ್ಲಿ ಉದುರಿ ಬಿದ್ದ ಹಸಿಯಡಕೆಯ ರಾಶಿಯ ಪಕ್ಕ ನಿಂತರೆ ಬರುವ ವಾಸನೆಗೆ ಹತ್ತಿರದ್ದು.

"ಚಿಕ್ಕಪ್ಪ, ಇದು ನಿಮ್ಮ ಕೊಳೆರೋಗದ ದಾಯಾದಿ" ಎಂದಳು ಅಣ್ಣನ ಮಗಳು.

ಅವಳು ಓದಿದ್ದು ಗಿಡಗಳ ರೋಗಶಾಸ್ತ್ರ, ಈಗಿರುವುದು ಡೆಲ್ಫ್ಟ್ ಊರಿನಲ್ಲಿ. ಬಾ ಬಾ ಎಂದು ನಾಲ್ಕು ವರ್ಷದಿಂದ ಕರೆಯುತ್ತಿದ್ದಳು. ನಾನು ಸಾಗರ ಸೀಮೆಯವನು. ಜೂನ್ ಮೊದಲ ವಾರ ತೋಟಕ್ಕೆ ಒಂದು ಸುತ್ತು ಮದ್ದು ಹೊಡೆಸಿ, ಎರಡನೇ ಸುತ್ತಿನ ಭಾರ ಹೆಂಡತಿಗೂ ಮರ ಹತ್ತುವ ಕೊನೆಗೌಡನಿಗೂ ಬಿಟ್ಟು ನೆದರ್ಲೆಂಡ್ಸಿಗೆ ಬಂದಿದ್ದೆ. ಜುಲೈ ತಿಂಗಳು. ಇಲ್ಲಿ ರಾತ್ರಿ ಹತ್ತಕ್ಕೂ ಬೆಳಕು. ಊರಿನಲ್ಲಿ ಹಗಲೇ ಕತ್ತಲೆ.

ಡೆಲ್ಫ್ಟ್‌ನಿಂದ ಬಸ್ಸು ಹಿಡಿದು ನಾಲ್ಡ್‌ವೈಕ್ ಕಡೆಗೆ ಹೊರಟರೆ ಊರು ಮುಗಿಯುತ್ತಲೇ ಗಾಜು ಶುರುವಾಗುತ್ತದೆ. ದಿ ಹೇಗ್ ನಗರಕ್ಕೂ ಹುಕ್ ವಾನ್ ಹಾಲೆಂಡ್ ಬಂದರಿಗೂ ನಡುವಿನ ಈ ಸೀಮೆಗೆ ವೆಸ್ಟ್‌ಲ್ಯಾಂಡ್ ಎಂದು ಹೆಸರು. ಅಲ್ಲಿಯವರೇ ಗಾಜಿನ ನಗರ ಎನ್ನುತ್ತಾರೆ. ಗದ್ದೆ ಬಯಲಿನಂತೆ ಗಾಜಿನ ಮನೆಗಳು. ನಡುನಡುವೆ ಕಾಲುವೆ, ಒಂದೊಂದು ಮನೆಗೂ ಒಂದೊಂದು ಮಳೆನೀರಿನ ಹೊಂಡ. ಸಮುದ್ರದ ಪಕ್ಕದ ನೆಲವಾದ್ದರಿಂದ ಅಂತರ್ಜಲದಲ್ಲಿ ಉಪ್ಪು. ಹಾಗಾಗಿ ಗಾಜಿನ ಮಾಡಿನ ಮೇಲೆ ಬಿದ್ದ ಮಳೆಯನ್ನು ದಂಬೆಯಲ್ಲಿ ಹಿಡಿದು ಕೂಡಿಡುತ್ತಾರೆ. ಮಳೆಯನ್ನು ಇಷ್ಟು ಆಸೆಯಿಂದ ಹಿಡಿದಿಡುವವರನ್ನು ಕಂಡು, ಮಳೆ ಯಾವಾಗ ಬಿಟ್ಟೀತು ಎಂದು ಲೆಕ್ಕ ಹಾಕುವ ನಾಡಿನಿಂದ ಬಂದ ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ.

ಒಮ್ಮೆ ಒಳಗೆ ಬಂದ ನೀರನ್ನು ಅವರು ಆದಷ್ಟೂ ಹೊರಗೆ ಬಿಡುವುದಿಲ್ಲ. ಗಿಡ ಕುಡಿದು ಮಿಕ್ಕ ಪೋಷಕಾಂಶದ ನೀರು ತೊಟ್ಟಿಗೆ ಮರಳುತ್ತದೆ, ಕಡಿಮೆಯಾದದ್ದನ್ನು ಬೆರೆಸಿಕೊಂಡು ಮತ್ತೆ ಬೇರಿನ ಹತ್ತಿರ ಬರುತ್ತದೆ. ಗಾಜಿನ ಮನೆಗಳಿಂದ ಗೊಬ್ಬರದ ಅಂಶವಾಗಲೀ ಕೀಟನಾಶಕವಾಗಲೀ ಕಾಲುವೆಗೆ ಸೇರುವುದನ್ನು 2027ರ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಬೇಕು ಎಂಬ ಗುರಿಯನ್ನು ಆ ದೇಶ ಇಟ್ಟುಕೊಂಡಿದೆ. ಕೀಟನಾಶಕ ಬೆರೆತ ನೀರನ್ನು ಹೊರಗೆ ಬಿಡುವ ಮುಂಚೆ ಶುದ್ಧ ಮಾಡಲೇಬೇಕು ಎಂಬ ನಿಯಮ 2018ರಿಂದ ಇದೆ. ಒಳ್ಳೆಯ ನಿಯಮ. ಆದರೆ ನೀರು ಸುತ್ತುವ ಕಡೆ ರೋಗವೂ ಸುತ್ತುತ್ತದೆ. ಗದ್ದೆಯ ಮೂಲೆಯಲ್ಲಿ ಒಂದು ಸಸಿಗೆ ಬಂದ ರೋಗ ಆ ಮೂಲೆಯಲ್ಲೇ ಮುಗಿದುಹೋಗಬಹುದು. ಸಾವಿರಾರು ಗಿಡಗಳ ಬೇರು ಒಂದೇ ನೀರಿನಲ್ಲಿ ಅದ್ದಿಕೊಂಡಿರುವಲ್ಲಿ ಆ ಸಮಾಧಾನ ಇಲ್ಲ.

ಆ ರೋಗ ತರುವ ಜೀವಿಯ ಹೆಸರು ಪೈಥಿಯಂ. ನೋಡಲು ಶಿಲೀಂಧ್ರದಂತೆ ನೂಲುನೂಲು, ಆದರೆ ವಂಶ ಬೇರೆ, ಕಡಲಿನ ಕಂದು ಪಾಚಿಗೆ ಹತ್ತಿರದ್ದು. ಇದರ ಬೀಜಕಣಗಳಿಗೆ ಎರಡೆರಡು ಚಾವಟಿಯಂಥ ಬಾಲ. ನೀರಿನಲ್ಲಿ ಈಜಿಕೊಂಡು, ಬೇರಿನಿಂದ ಒಸರುವ ಸಿಹಿಯ ಜಾಡು ಹಿಡಿದು ಬಂದು, ಬೇರಿಗೆ ಅಂಟಿ, ಬಾಲ ಕಳಚಿ ಒಳಗೆ ಇಳಿಯುತ್ತವೆ. ನಮ್ಮ ಅಡಕೆಯ ಕೊಳೆರೋಗ ತರುವ ಫೈಟಾಪ್ಥೊರವೂ ಇದೇ ಬಳಗದ್ದು, ಅದರ ಬೀಜಕಣವೂ ಹೀಗೇ ಈಜುತ್ತದೆ. ಅದಕ್ಕೇ ಗೊನೆ ಒದ್ದೆಯಾಗದ ಹಾಗೆ ಹಿಂದಿನವರು ಮರ ಹತ್ತಿ ಕರಡದ ಕೊಟ್ಟೆ ಕಟ್ಟುತ್ತಿದ್ದರು. ರೋಗದ ಜೀವಿಯನ್ನು ಅವರು ಕಂಡವರಲ್ಲ, ಆದರೆ ಅದು ಹನಿ ನೀರಿನಲ್ಲಿ ಬರುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು. ಕೆನಡಾದಿಂದ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ 1910ರಲ್ಲಿ ಆ ಜೀವಿಯನ್ನು ವಿವರಿಸಿ ಬರೆದರು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡಿಗೆ ಕಲಿಸಿದರು. ನನ್ನ ಅಜ್ಜ ಅದನ್ನು ಹೊಡೆಸಿದ, ಅಪ್ಪ ಹೊಡೆಸಿದ, ನಾನೂ ಹೊಡೆಸುತ್ತಿದ್ದೇನೆ. ತಾಮ್ರದ ನೀಲಿ ಬಣ್ಣವೇ ನಮ್ಮ ಮನೆಯಲ್ಲಿ ಮಳೆಗಾಲದ ಬಣ್ಣ.

ಹಾಗಾಗಿ ನಾನು ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಏನು ಮದ್ದು ಹಾಕುತ್ತೀರಿ?"

ಬೆಳೆಗಾರ ಅದಕ್ಕೆ ನೇರ ಉತ್ತರ ಕೊಡದೆ ತನ್ನ ಕಥೆ ಹೇಳಿದ. ಕೆಲವು ಬೇಸಿಗೆಗಳ ಹಿಂದೆ ಒಂದು ಕೊಳದ ಗಿಡಗಳೆಲ್ಲ ಹೀಗೆ ಕಂದಿದವು. ನೀರು ಖಾಲಿ ಮಾಡಿಸಿದ, ಗೋಡೆ ಉಜ್ಜಿಸಿದ, ಸೋಂಕುನಾಶಕ ಹಾಕಿ ಪೈಪುಗಳನ್ನೆಲ್ಲ ತೊಳೆಸಿದ. ಮರಳಿ ತುಂಬಿದ ನೀರನ್ನೂ ನೇರಳಾತೀತ ಬೆಳಕಿನಡಿ ಹಾಯಿಸಿ ಬಿಟ್ಟ. ಕನ್ನಡಿಯಂಥ ನೀರು. ಹೊಸ ಸಸಿ ಇಟ್ಟ. ಮೂರನೆಯ ವಾರಕ್ಕೆ ರೋಗ ಮರಳಿತು. ಈ ಸಲ ಮೊದಲಿಗಿಂತ ಬೇಗ ಹಬ್ಬಿತು. ಇದನ್ನು ಹೇಳುವಾಗ ಆತನ ದನಿ ತಗ್ಗಿತ್ತು. ಬೆಳೆ ಕಳೆದುಕೊಂಡವನ ದನಿಗೆ ಭಾಷೆ ಬೇಕಿಲ್ಲ. ಅಣ್ಣನ ಮಗಳು ಕನ್ನಡಕ್ಕೆ ತಿರುಗಿಸುವ ಮೊದಲೇ ನನಗೆ ಅರ್ಥವಾಗಿತ್ತು.

ಅಷ್ಟು ಶುಚಿಮಾಡಿದ ಮೇಲೂ ಬೇಗ ಬಂದದ್ದು ಏಕೆ? ಉತ್ತರ ಆ ದೇಶದಲ್ಲೇ ಸಿಕ್ಕಿತ್ತು. ಯೂಕೆ ಪೋಸ್ತ್‌ಮಾ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಸೌತೆ ಬಳ್ಳಿಯನ್ನು ರಾಕ್‌ವೂಲ್‌ನಲ್ಲಿ, ಎಂದರೆ ಕಲ್ಲು ಕರಗಿಸಿ ನೂಲು ತೆಗೆದು ಮಾಡಿದ ಹತ್ತಿಯಂಥ ದಿಂಡಿನಲ್ಲಿ, ಬೆಳೆಸಿ ಪೈಥಿಯಂ ಬಿಟ್ಟು ನೋಡಿದರು. ಪೂರ್ತಿ ಜೀವಿರಹಿತ ಮಾಡಿದ ದಿಂಡಿನಲ್ಲಿ ರೋಗ ಜೋರಾಗಿತ್ತು. ಮಾಮೂಲಿ ಸೂಕ್ಷ್ಮಜೀವಿಗಳು ಮನೆ ಮಾಡಿಕೊಂಡಿದ್ದ ದಿಂಡಿನಲ್ಲಿ ಕಡಿಮೆ. ಆ ಸಂಶೋಧನೆ ಪ್ರಕಟವಾದದ್ದು 2000ದಲ್ಲಿ.

ಇದನ್ನು ಕೇಳುತ್ತ ನನಗೆ ಹೊಳೆದದ್ದು ಮದುವೆಮನೆಯ ಪಂಕ್ತಿ. ಬೇರು ಸುಮ್ಮನೆ ನೀರು ಕುಡಿಯುತ್ತ ಕೂರುವುದಿಲ್ಲ. ಎಲೆ ಬಿಸಿಲಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಹೊರಗೆ ಸುರಿಯುತ್ತದೆ, ಅಂದರೆ ಬಡಿಸುತ್ತದೆ. ಬಡಿಸಿದ ಎಲೆಯ ಮುಂದೆ ಯಾರಾದರೂ ಕೂತೇ ಕೂರುತ್ತಾರೆ. ಮಣ್ಣಿನಲ್ಲಿ ಆ ಪಂಕ್ತಿ ಸದಾ ಭರ್ತಿ. ತೊಳೆದು ಒರೆಸಿದ ನೀರಿನಲ್ಲಿ ಮಣೆಯೆಲ್ಲ ಖಾಲಿ, ಊಟ ಸಿದ್ಧ. ಅಲ್ಲಿಗೆ ಈಜಿ ಬಂದ ಒಂದೇ ಒಂದು ಪೈಥಿಯಂಗೆ ಎದುರಿಲ್ಲ. ಶುಚಿತ್ವ ಬೇರೆ, ಬರಿದು ಬೇರೆ ಎಂಬ ಮಾತನ್ನು ನಾನು ಇಷ್ಟು ವರ್ಷ ತೋಟದಲ್ಲಿದ್ದೂ ಯೋಚಿಸಿರಲಿಲ್ಲ.

ಈಗ ಆತ ಮಾಡುವುದು ಮಣೆ ತುಂಬಿಸುವ ಕೆಲಸ. ಬೀಜ ಮೊಳೆತು ಎರಡೆಲೆ ಬಿಡುವಾಗಲೇ, ಇನ್ನೂ ಕೊಳಕ್ಕೆ ಇಳಿಸುವ ಮೊದಲು, ಉಪಕಾರಿ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ಸಸಿಗಳಿಗೆ ಉಣಿಸುತ್ತಾನೆ. ಕೊಳಕ್ಕೆ ಇಳಿಸಿದ ಮೇಲೆ ಇನ್ನೊಂದು ಸಲ. ಬಳಸುವವರು ಮುಖ್ಯವಾಗಿ ನೆಚ್ಚುವುದು ಎರಡು ಬಗೆಯನ್ನು: ಬ್ಯಾಸಿಲಸ್ ಮತ್ತು ಸೂಡೋಮೊನಾಸ್. ಬ್ಯಾಸಿಲಸ್ ಕಷ್ಟ ಬಂದಾಗ ಗಟ್ಟಿ ಬೀಜಕಣವಾಗಿ ಮುದುಡಿ ಕೂರಬಲ್ಲದು, ಹಾಗಾಗಿ ಡಬ್ಬಿಯಲ್ಲಿ ಬಹಳ ಕಾಲ ಬಾಳುತ್ತದೆ. ಸೂಡೋಮೊನಾಸ್‌ಗೆ ಆ ವಿದ್ಯೆ ಗೊತ್ತಿಲ್ಲ. ಬೇರಿನ ಮೇಲೆ ಬಲು ಚುರುಕು, ಡಬ್ಬಿಯಲ್ಲಿ ಅಲ್ಪಾಯುಷಿ.

ಅವು ಮಾಡುವ ಕೆಲಸ ಕೂತು ಉಣ್ಣುವುದೊಂದೇ ಅಲ್ಲ. ಕೆಲವು ಸೂಡೋಮೊನಾಸ್‌ಗಳು ಸೋಪಿನಂಥ ಒಂದು ವಸ್ತುವನ್ನು ಸುರಿಸುತ್ತವೆ. ಈಜುವ ಬೀಜಕಣಕ್ಕೆ ಗೋಡೆಯಿಲ್ಲ, ತೆಳು ಪೊರೆ ಮಾತ್ರ. ಆ ಸೋಪು ತಗುಲಿದರೆ ಒಂದು ನಿಮಿಷದೊಳಗೆ ಒಡೆದುಹೋಗುತ್ತದೆ. ಗೋಧಿ ಬೇರಿನಿಂದ ಹೆಕ್ಕಿದ ಇಂಥದೊಂದು ಬ್ಯಾಕ್ಟೀರಿಯಾವನ್ನು ವಾಗೆನಿಂಗೆನ್‌ನಲ್ಲಿ ಅಭ್ಯಾಸ ಮಾಡಿದ್ದಾರೆ. ಕಬ್ಬಿಣದ ಪೈಪೋಟಿಯೂ ಒಂದಿದೆ. ಹಳದಿ ಹಸಿರಿನ ಹೊಳೆಯುವ ಬಣ್ಣವೊಂದನ್ನು ಬಿಟ್ಟು ಸುತ್ತಲ ಕಬ್ಬಿಣವನ್ನೆಲ್ಲ ಹಿಡಿದು ತರುತ್ತವೆ, ರೋಗದ ಜೀವಿಗೆ ಕಬ್ಬಿಣ ಸಿಗುವುದಿಲ್ಲ. ಮಣ್ಣಿನಲ್ಲಿ ಇದು ದೊಡ್ಡ ಅಸ್ತ್ರ. ಆದರೆ ಜಲಕೃಷಿಯಲ್ಲಿ ಕಬ್ಬಿಣವನ್ನು ಬೆಳೆಗಾರನೇ ಕರಗುವ ರೂಪದಲ್ಲಿ ಧಾರಾಳವಾಗಿ ಬೆರೆಸಿರುತ್ತಾನಾದ್ದರಿಂದ ಇಲ್ಲಿ ಅದರ ಮೊನೆ ಮೊಂಡಾಗುತ್ತದೆ ಎಂದಳು ಅಣ್ಣನ ಮಗಳು. ಮಣ್ಣಿನಲ್ಲಿ ಗೆದ್ದದ್ದು ನೀರಿನಲ್ಲೂ ಹಾಗೇ ಗೆಲ್ಲುತ್ತದೆ ಎನ್ನುವಂತಿಲ್ಲ.

ನನ್ನನ್ನು ಎಲ್ಲಕ್ಕಿಂತ ತಟ್ಟಿದ್ದು ಮೂರನೆಯ ಸಂಗತಿ. 1991ರಲ್ಲಿ ಬಾರ್ನ್ ಎಂಬ ಊರಿನ ಪ್ರಯೋಗಾಲಯದಲ್ಲಿ ಬಾಬ್ ಸ್ಖಿಪರ್ಸ್ ಅವರ ತಂಡ ರಾಕ್‌ವೂಲ್‌ನಲ್ಲಿ ಬೆಳೆದ ಕಾರ್ನೇಶನ್ ಹೂವಿನ ಗಿಡಗಳ ಬೇರಿಗೆ ಸೂಡೋಮೊನಾಸ್ ಕೊಟ್ಟಿತು. ಸೊರಗು ರೋಗದ ಶಿಲೀಂಧ್ರವನ್ನು ಬೇರಿಗಲ್ಲ, ಕಾಂಡಕ್ಕೆ ಚುಚ್ಚಿತು. ಬ್ಯಾಕ್ಟೀರಿಯಾ ಕೆಳಗೇ ಉಳಿಯಿತು, ರೋಗ ಮೇಲೆ. ಒಂದಕ್ಕೊಂದು ಮುಖಾಮುಖಿ ಆಗಲೇ ಇಲ್ಲ. ಆದರೂ ಬೇರಿನಲ್ಲಿ ಆ ನೆಂಟರನ್ನು ಇಟ್ಟುಕೊಂಡ ಗಿಡಗಳು ರೋಗವನ್ನು ಚೆನ್ನಾಗಿ ತಡೆದುಕೊಂಡವು. ಅಂದರೆ ಹೋರಾಡಿದ್ದು ಬ್ಯಾಕ್ಟೀರಿಯಾ ಅಲ್ಲ, ಗಿಡವೇ. ಬೇರಿನಲ್ಲಿ ಯಾರೋ ಬಂದು ಕೂತ ಸುದ್ದಿ ಎಲೆಯ ತನಕ ಹೋಗಿ ಇಡೀ ಗಿಡ ಎಚ್ಚರವಾಗಿತ್ತು. ಅದೇ ವರ್ಷ ಅಮೆರಿಕದಲ್ಲೂ ಸೌತೆಯ ಮೇಲೆ ಇಂಥದೇ ಫಲಿತಾಂಶ ಬಂತು. ಮುಂದೆ ಉಟ್ರೆಕ್ಟ್ ವಿಶ್ವವಿದ್ಯಾಲಯದ ಕೊರ್ನೆ ಪೀಟರ್ಸೆ ಮತ್ತಿತರರು ಈ ಸುದ್ದಿ ಸಾಗುವ ದಾರಿಯನ್ನು ಗಿಡದ ಹಾರ್ಮೋನುಗಳಲ್ಲಿ ಹುಡುಕಿದರು.

ನಾನು ಉಬ್ಬಿ ಮಾತಾಡಲು ಶುರುಮಾಡಿದ್ದನ್ನು ಬೆಳೆಗಾರನೇ ತಡೆದ. ಇದು ರೋಗ ಬಂದ ಮೇಲೆ ಕುಡಿಸುವ ಕಷಾಯ ಅಲ್ಲ ಎಂದ. ಕಂದಿದ ಬೇರನ್ನು ಯಾವ ಬ್ಯಾಕ್ಟೀರಿಯಾವೂ ಬೆಳ್ಳಗೆ ಮಾಡಲಾರದು. ನೀರು 25 ಡಿಗ್ರಿ ದಾಟಿದರೆ, ಅದರಲ್ಲಿನ ಆಮ್ಲಜನಕ ಇಳಿದರೆ, ಗಿಡ ದಣಿಯುತ್ತದೆ, ಪೈಥಿಯಂ ಹುರುಪುಗೊಳ್ಳುತ್ತದೆ. ಆಗ ಎಷ್ಟು ಡಬ್ಬಿ ಸುರಿದರೂ ವ್ಯರ್ಥ. ಆತ ಇವತ್ತಿಗೂ ನೀರು ತಂಪು ಮಾಡುತ್ತಾನೆ, ಗಾಳಿ ಊದಿಸುತ್ತಾನೆ, ಸತ್ತ ಬೇರು ಆರಿಸಿ ತೆಗೆಯುತ್ತಾನೆ. ಕೊಳೆತ ಗಿಡ ಸಿಕ್ಕ ಆ ಮೂಲೆಯನ್ನೇ ನೋಡಿ ಎಂದ. ಬ್ಯಾಕ್ಟೀರಿಯಾ ಅಲ್ಲಿಗೂ ಹೋಗಿತ್ತು, ಹರಿವು ಹೋಗಿರಲಿಲ್ಲ.

ಕುಲದ ಹೆಸರು ನೋಡಿ ನಂಬುವಂತಿಲ್ಲ ಎಂಬುದನ್ನೂ ಅಲ್ಲೇ ಕಲಿತೆ. ಲೆಟ್ಯೂಸಿನ ಎಲೆಯಂಚನ್ನು ಕೊಳೆಸುವ ಒಂದು ಬ್ಯಾಕ್ಟೀರಿಯಾ ಕೂಡ ಸೂಡೋಮೊನಾಸೇ, ಉಪಕಾರಿಗಳ ಹತ್ತಿರದ ನೆಂಟ. ಒಂದೇ ಮನೆತನದಲ್ಲಿ ಕಾಯುವವನೂ ಇದ್ದಾನೆ, ಕೆಡಿಸುವವನೂ ಇದ್ದಾನೆ. ಅದಕ್ಕೇ ಅಲ್ಲಿ ತಳಿಯ ಸಂಖ್ಯೆ ಕೇಳದೆ ಯಾರೂ ಡಬ್ಬಿ ಕೊಳ್ಳುವುದಿಲ್ಲ. ಹಸಿಯಾಗಿ ತಿನ್ನುವ ಸೊಪ್ಪು ಬೇರೆ. ಅದರ ನೀರಿಗೆ ಏನು ಬಿಡುತ್ತೇವೆ ಎಂಬುದು ಖಾತ್ರಿಯಿರಬೇಕು.

ಮರಳುವ ಬಸ್ಸಿನಲ್ಲಿ ಅವಳಿಗೆ ನನ್ನ ಮೆಣಸಿನ ಬಳ್ಳಿಯ ಕಥೆ ಹೇಳಿದೆ. ಮೂರು ವರ್ಷದ ಹಿಂದೆ ಸೊರಗು ರೋಗಕ್ಕೆ ಬಳ್ಳಿಗಳು ಒಂದೊಂದಾಗಿ ಎಲೆ ಉದುರಿಸತೊಡಗಿದಾಗ ಪೇಟೆಯಿಂದ ಸೂಡೋಮೊನಾಸ್ ಪುಡಿ ತಂದಿದ್ದೆ. ನಮ್ಮಲ್ಲಿ ಅದು ಟಾಲ್ಕ್ ಪುಡಿಯಲ್ಲಿ ಬೆರೆಸಿ ಬರುತ್ತದೆ, ಬೆಳ್ಳಗೆ, ಒಂದೊಂದು ಕಿಲೋದ ಪೊಟ್ಟಣ. ಅರ್ಧ ಬಳಸಿದೆ. ಹಂಚಿನ ಮಾಡಿನಡಿ, ಅಟ್ಟದ ಮೇಲೆ, ಗೊಬ್ಬರದ ಚೀಲಗಳ ಪಕ್ಕ ಅದು ಒಂದು ಇಡೀ ಬೇಸಿಗೆ ಇತ್ತು, ಉಳಿದರ್ಧವನ್ನು ಮರುವರ್ಷ ಕಲಸಿ ಸುರಿದೆ. ಒಂದನ್ನು ಬಿಟ್ಟು ಬಳ್ಳಿಗಳೆಲ್ಲ ಸತ್ತವು. ಇದೆಲ್ಲ ಸುಳ್ಳು, ತಾಮ್ರವೇ ಸತ್ಯ ಎಂದು ತೀರ್ಮಾನಿಸಿ, ಕೇಳಿದ ನಾಲ್ಕಾರು ಜನರಿಗೂ ಹಾಗೇ ಹೇಳಿದ್ದೆ.

ಅವಳು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. "ಸತ್ತ ಹೆಪ್ಪು ಹಾಕಿ ಹಾಲನ್ನು ಬೈದ ಹಾಗಾಯಿತು ಚಿಕ್ಕಪ್ಪ" ಎಂದಳು. "ಮೊದಲ ವರ್ಷ ಹೆಪ್ಪು ಸರಿಯಿತ್ತೇನೋ, ಆದರೆ ಹಾಲು ಆಗಲೇ ಒಡೆದಿತ್ತು."

ಆ ನಾಲ್ಕಾರು ಜನರ ಮುಖ ಒಂದೊಂದಾಗಿ ನೆನಪಾದವು. ಅವರಲ್ಲಿ ಒಬ್ಬ ನನ್ನ ಮಾತು ಕೇಳಿ ನರ್ಸರಿಗೆ ತಂದಿದ್ದ ಪುಡಿಯನ್ನು ವಾಪಸು ಕೊಟ್ಟಿದ್ದ.

ಮರುದಿನ ಡೆಲ್ಫ್ಟ್‌ನ ಹಳೆಯ ಇಗರ್ಜಿಗೆ ಹೋದೆವು. ಅಲ್ಲಿ ಆಂಟನಿ ವಾನ್ ಲೇವೆನ್‌ಹುಕ್‌ನ ಸಮಾಧಿಯಿದೆ. ಬಟ್ಟೆ ವ್ಯಾಪಾರಿ, ತಾನೇ ಅರೆದು ಮಾಡಿದ ಪುಟ್ಟ ಮಸೂರದಲ್ಲಿ ಕಂಡದ್ದನ್ನೆಲ್ಲ ಲಂಡನ್ನಿಗೆ ಬರೆದು ಕಳಿಸುತ್ತಿದ್ದವನು. ಮೆಣಸು ಖಾರ ಏಕೆ ಎಂದು ತಿಳಿಯಲು ಕಾಳುಗಳನ್ನು ನೀರಿನಲ್ಲಿ ನೆನೆಹಾಕಿಟ್ಟ. ವಾರಗಳ ಮೇಲೆ ಆ ನೀರಿನ ಹನಿಯನ್ನು ನೋಡಿದಾಗ ಲೆಕ್ಕವಿಲ್ಲದಷ್ಟು ಜೀವಿಗಳು, ಅವುಗಳಲ್ಲಿ ಕೆಲವು ಅತಿ ಸಣ್ಣವು ಓಡಾಡುತ್ತಿದ್ದವು. ಅದನ್ನು ಆತ ಬರೆದ 1676ರ ಕಾಗದವೇ ಬ್ಯಾಕ್ಟೀರಿಯಾದ ಬಗ್ಗೆ ಮನುಷ್ಯನಿಗೆ ಸಿಕ್ಕ ಮೊದಲ ವರದಿಗಳಲ್ಲೊಂದು. ಆ ಕಾಳು ಮಲಬಾರಿನದೋ ಸುಮಾತ್ರದ್ದೋ, ಹಡಗೇರಿ ಬಂದದ್ದಂತೂ ಹೌದು. ಸತ್ತ ಮೆಣಸಿನ ಬಳ್ಳಿಗಳನ್ನು ಬಿಟ್ಟುಬಂದ ನಾನು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತೆ.

ಹೊರಡುವ ಮುನ್ನ ಬಾರ್ನ್ ನೋಡಬೇಕು ಎಂದು ಹಟ ಹಿಡಿದವನು ನಾನೇ. ಉಟ್ರೆಕ್ಟ್‌ನಿಂದ ಚಿಕ್ಕ ರೈಲು, ಕಾಡು, ಶಾಂತ ಬೀದಿಗಳು. ಜಾವಾ ಎಂಬ ಹೆಸರಿನ ಹಳೆಯ ದೊಡ್ಡ ಮನೆಯೊಂದರಲ್ಲಿ ಆ ಪ್ರಯೋಗಾಲಯ ದಶಕಗಳ ಕಾಲ ಇತ್ತು. ಬೀದಿಯಲ್ಲಿ ನಿಂತು ನೋಡಿದೆವು. 1917ರಲ್ಲಿ ಆ ದೇಶದ ಮೊದಲ ಮಹಿಳಾ ಪ್ರಾಧ್ಯಾಪಕಿಯಾದ ಯೊಹಾನ್ನಾ ವೆಸ್ಟರ್‌ಡೈಕ್ ಅದನ್ನು ನಡೆಸಿದವರು. ಅದಕ್ಕಿದ್ದ ಹೆಸರು ಮಾತ್ರ ಒಬ್ಬ ಹುಡುಗನದು: ವಿಲಿ ಕೊಮೆಲಿನ್ ಸ್ಖೋಲ್ಟೆನ್. ಸಸ್ಯಶಾಸ್ತ್ರ ಓದುತ್ತಿದ್ದವನು ಎಳೆಯ ವಯಸ್ಸಿಗೇ ತೀರಿಕೊಂಡ. ಅವನ ನೆನಪಿಗೆ ತಂದೆತಾಯಿ 19ನೇ ಶತಮಾನದ ಕೊನೆಯ ದಶಕದಲ್ಲಿ ಹಣ ಕೊಟ್ಟು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಗಿಡಗಳ ರೋಗದ ಪ್ರಯೋಗಾಲಯ ಕಟ್ಟಿಸಿದರು, ಅದೇ ಮುಂದೆ ಬಾರ್ನ್‌ಗೆ ಬಂತು. ಅಲ್ಲಿ ಹೆಕ್ಕಿದ ಬ್ಯಾಕ್ಟೀರಿಯಾಗಳಿಗೆ ಅವನ ಹೆಸರಿನ ಮೊದಲ ಅಕ್ಷರಗಳನ್ನೇ ಇಟ್ಟರು. ಕಾರ್ನೇಶನ್ ಗಿಡವನ್ನು ಎಚ್ಚರಿಸಿದ ಬ್ಯಾಕ್ಟೀರಿಯಾ ಡಬ್ಲ್ಯೂಸಿಎಸ್ 417. ಇವತ್ತಿಗೂ ಲೋಕದ ಪ್ರಯೋಗಾಲಯಗಳಲ್ಲಿ ಅದು ಒಡೆದು ಎರಡಾಗುತ್ತಲೇ ಇರುತ್ತದೆ. ಮಗನನ್ನು ಕಳೆದುಕೊಂಡ ಆ ತಾಯಿಗೆ ಇದು ಗೊತ್ತಾಗಿದ್ದರೆ ಏನನ್ನಿಸುತ್ತಿತ್ತೋ.

ಆಗ ಅಣ್ಣನ ಮಗಳು ಇನ್ನೊಂದು ಹೆಸರು ಹೇಳಿದಳು. ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ವಿಜ್ಞಾನಿ ಇಟ್ಟ ಲ್ಯಾಟಿನ್ ಹೆಸರಿನಲ್ಲಿ 'ಕೊಳೆರೋಗ' ಎಂಬ ನಮ್ಮ ಮಾತೇ ಇದೆಯಂತೆ, ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು. ನಮ್ಮ ಭಾಷೆಯಿಂದ ರೋಗದ ಹೆಸರು ಹೋಗಿದೆ. ಕಾಯುವ ಜೀವಿಯೊಂದಕ್ಕೂ ಕನ್ನಡದ ಹೆಸರು ಹೋಗಬೇಕು ಎಂಬ ಆಸೆ ಆ ಬೀದಿಯಲ್ಲಿ ನನಗೆ ಹುಟ್ಟಿತು. ನಮ್ಮ ತೋಟದ ಮಣ್ಣಿನಲ್ಲಿ, ಎಲ್ಲ ಬಳ್ಳಿ ಸತ್ತರೂ ಸಾಯದೆ ಉಳಿದ ಆ ಒಂದು ಬಳ್ಳಿಯ ಬೇರಿನಲ್ಲಿ ಯಾರು ಕೂತಿದ್ದಾರೋ, ಯಾರೂ ನೋಡಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ಮನೆಗೆ ಫೋನ್ ಮಾಡಿದೆ. ಊರಿನಲ್ಲಿ ಹನ್ನೊಂದೂವರೆ. ಮಳೆಯ ಸದ್ದಿನಲ್ಲಿ ಹೆಂಡತಿಯ ದನಿ ಸರಿಯಾಗಿ ಕೇಳುತ್ತಿರಲಿಲ್ಲ. ಎರಡನೇ ಮದ್ದಿಗೆ ಕೊನೆಗೌಡ ಬಂದು ಕೂತಿದ್ದಾನೆ, ಹೊಳವು ಆಗುತ್ತಿಲ್ಲ ಎಂದಳು.

"ಅಟ್ಟದ ಮೇಲೆ ಗೊಬ್ಬರದ ಚೀಲದ ಪಕ್ಕ ಇನ್ನೊಂದು ಬಿಳಿ ಪೊಟ್ಟಣ ಇರಬೇಕು, ತಾರೀಖು ನೋಡು."

ಏಣಿ ಹತ್ತಿ ಇಳಿದು ಬಂದಳು. "ಮುಗಿದು ಎರಡು ವರ್ಷ ಆಗಿದೆ. ಬಿಸಾಡಲಾ?"

"ಬಿಸಾಡು. ನಾನು ಬರುವಾಗ ಹೊಸತು ತರುತ್ತೇನೆ. ಮೇ ಕೊನೆಗೆ ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿದ ಮೆಣಸಿನ ಬಳ್ಳಿ ಬೇರು ಬಿಟ್ಟಿದೆಯಾ?"

"ಎಲೆ ಚಿಗುರಿದೆ."

"ಎಲೆ ಅಲ್ಲ, ಬೇರು. ಒಂದನ್ನು ಬಿಡಿಸಿ ನೋಡು."

ಫೋನನ್ನು ಜಗಲಿ ಕಟ್ಟೆಯ ಮೇಲಿಟ್ಟು ಹೋದಳು. ನಾನು ಡೆಲ್ಫ್ಟ್‌ನ ಅಡುಗೆಮನೆಯಲ್ಲಿ ಕೂತು ಸಾಗರ ಸೀಮೆಯ ಮಳೆ ಕೇಳುತ್ತಿದ್ದೆ. ದಂಬೆಯಿಂದ ಅಂಗಳಕ್ಕೆ ಬೀಳುವ ನೀರು, ನಾಯಿ ಒಮ್ಮೆ ಬೊಗಳಿದ್ದು, ಕೊನೆಗೌಡನ ಕೆಮ್ಮು. ಬಹಳ ಹೊತ್ತಿನ ಮೇಲೆ ಅವಳು ಫೋನ್ ಎತ್ತಿಕೊಂಡಳು.

"ಮೂರು ಬೇರು ಬಂದಿದೆ" ಎಂದಳು. "ಬೆಳ್ಳಗಿದೆ."